ನೀರಿನ ಲೆಕ್ಕ: ದಿನಕ್ಕಲ್ಲ, ನಿಮಿಷಕ್ಕೆ

ಊರಲ್ಲಿ ನೀರಿನ ಲೆಕ್ಕ ಅಂದ್ರೆ ದಿನಕ್ಕೆ ಎಷ್ಟು ಕೊಡ ಅನ್ನೋದು. ಟ್ಯಾಂಕಿಗೆ ಅದು ಸರಿ. ಪೈಪಿಗೆ ಬೇಕಾದದ್ದು ನಿಮಿಷದ ಲೆಕ್ಕ.

ಅಮೆರಿಕದ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಜನ, ಎಲ್ಲರಿಗೂ ಬೆಳಗ್ಗೆ ಎಂಟಕ್ಕೆ ಕ್ಲಾಸು. ಇಲ್ಲಿ ಒಂದು ಶವರಿಗೆ ಗರಿಷ್ಠ ಮಿತಿ ನಿಮಿಷಕ್ಕೆ 2.5 ಗ್ಯಾಲನ್, ಅಂದರೆ ಸುಮಾರು 9.5 ಲೀಟರ್. ಎರಡು ಶವರಿಗೆ 19, ಅಡುಗೆಮನೆ ನಲ್ಲಿಗೆ 8, ಒಟ್ಟು 27. ಮನೆಯ ಎಲ್ಲ ನಲ್ಲಿಗಳನ್ನೂ ಕೂಡಿಸಬೇಕಿಲ್ಲ, ಒಟ್ಟಿಗೆ ತೆರೆದಿರುವಷ್ಟು ಸಾಕು. ರಾಯ್ ಹಂಟರ್ 1940ರಲ್ಲಿ ಕೊಟ್ಟ ವಿಧಾನದ ತಿರುಳೂ ಇದೇ.

ಬರುತ್ತಿರೋದು ಎಷ್ಟು? ಉಳಿದೆಲ್ಲ ಮುಚ್ಚಿ ಹಿತ್ತಲ ನಲ್ಲಿ ಪೂರ್ತಿ ತಿರುಗಿಸಿದೆವು. 19 ಲೀಟರ್ ಬಕೆಟ್ ತುಂಬಲು 75 ಸೆಕೆಂಡ್. ನಿಮಿಷಕ್ಕೆ 15 ಲೀಟರ್. ಒಂದು ಶವರಿಗೆ ಸಾಕು, ಎರಡಕ್ಕಿಲ್ಲ. ಇಷ್ಟು ದಿನ ಒಬ್ಬರನ್ನೊಬ್ಬರು ಬೈದದ್ದು ಸುಮ್ಮನೆ! ಈಗ ಸರದಿ ಹಾಕಿದ್ದೇವೆ.