ವೈರಸ್ ತಗ್ಗಿದೆ, ಎತ್ತರ ಯಾಕೆ ಏರುತ್ತಿಲ್ಲ?

“ರಿಪೋರ್ಟ್ ಚೆನ್ನಾಗಿದೆ ಅಂದ್ರು ಮೇಡಂ. ಆದ್ರೆ ಇವ್ನು ಯಾಕೆ ಬೆಳೀತಾನೇ ಇಲ್ಲ?” ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ಆಹಾರ ಸಲಹೆಗೆ ಬಂದಾಗ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ.

ಮೈಸೂರಿಗೆ ಈ ಮಕ್ಕಳು ಹೊಸಬರಲ್ಲ. ಆಶಾಕಿರಣ ಆಸ್ಪತ್ರೆ 1997ರಿಂದ ಎಚ್‌ಐವಿ ಇರುವವರ ಆರೈಕೆ ಮಾಡುತ್ತಿದೆ. 2004ರಲ್ಲಿ ದೇಶದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತವಾಯಿತು. 2006ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಕಾರ್ಯಕ್ರಮ ಬಂತು. ಮಗು ಉಳಿಯುತ್ತಾ ಅನ್ನುವ ಭಯ ಕಡಿಮೆಯಾಗಿ, ಈಗ ಸರಿಯಾಗಿ ಬೆಳೆಯುತ್ತಾ ಅನ್ನುವ ಪ್ರಶ್ನೆ ಮುಂದೆ ಬಂದಿದೆ.

ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನ್ ಸುರಿಸುತ್ತದೆ. ಅದರ ಸೂಚನೆಯಂತೆ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ತಯಾರಿಸಬೇಕು. ಮೂಳೆ ಉದ್ದವಾಗಲು ಇದು ಬೇಕೇ ಬೇಕು. ಸೋಂಕಿನಿಂದ ದೇಹದೊಳಗೆ ಉರಿಯೂತ ಇದ್ದರೆ, ಊಟವೂ ಸಾಲದಿದ್ದರೆ ಐಜಿಎಫ್-1 ಇಳಿಯುತ್ತದೆ. ಚಿಕಿತ್ಸೆ ಶುರುವಾದ ಮೇಲೆ ತೂಕ ಬೇಗ ಏರುತ್ತೆ, ಎತ್ತರ ನಿಧಾನ. ತಡವಾಗಿ ಶುರುವಾದರೆ ಕೊರತೆ ಪೂರ್ತಿ ತುಂಬದೇ ಇರಬಹುದು. ಮೈನೆರೆಯುವುದೂ ತಡವಾಗಬಹುದು. 13 ತುಂಬಿದರೂ ಹುಡುಗಿಯಲ್ಲಿ, 14 ತುಂಬಿದರೂ ಹುಡುಗನಲ್ಲಿ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ ವೈದ್ಯರಿಗೆ ಹೇಳಲೇಬೇಕು.

ಊಟ ಎಷ್ಟು ಬೇಕು? ರೋಗಲಕ್ಷಣ ಇಲ್ಲದ ಮಗುವಿಗೂ ಶೇ. 10ರಷ್ಟು ಹೆಚ್ಚು ಶಕ್ತಿ ಬೇಕು, ತೂಕ ಇಳಿಯುತ್ತಿದ್ದರೆ ಶೇ. 50ರಿಂದ 100ರಷ್ಟು ಹೆಚ್ಚು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ದುಬಾರಿ ಪ್ರೋಟೀನ್ ಪೌಡರ್ ಬೇಕಿಲ್ಲ. ದಿನಾ ಒಂದು ಮೊಟ್ಟೆ, ರಾಗಿ ಅಂಬಲಿ, ಹುರುಳಿ ಸಾರು, ಕಡಲೆಕಾಯಿ, ಅನ್ನದ ಮೇಲೊಂದು ಚಮಚ ತುಪ್ಪ ಸಾಕಷ್ಟು ಕೆಲಸ ಮಾಡುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಟೆನೊಫೊವಿರ್ ತೆಗೆದುಕೊಳ್ಳುವವರಲ್ಲಿ ಮೂಳೆಯ ಸಾಂದ್ರತೆ ತುಸು ಇಳಿಯಬಹುದಾದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡರ ಮೇಲೂ ಗಮನವಿರಲಿ.

ಒಂದು ಎಚ್ಚರಿಕೆ. ಡೊಲುಟೆಗ್ರಾವಿರ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದ ಜೊತೆ ಎರಡನ್ನೂ ಒಟ್ಟಿಗೆ ಕೊಡಬಹುದು. ಇಲ್ಲವೆಂದರೆ ಡೊಲುಟೆಗ್ರಾವಿರ್ 2 ಗಂಟೆ ಮೊದಲೇ ಅಥವಾ 6 ಗಂಟೆ ನಂತರ. ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಕೊಡುವ ದಿನ ಯಾವುದು ಅಂತ ತಿಳಿದುಕೊಂಡು ಎಆರ್‌ಟಿ ಕೇಂದ್ರದಲ್ಲಿ ಸಮಯ ಕೇಳಿಕೊಳ್ಳಿ.

ಹರೆಯದಲ್ಲಿ “ನೀನಿನ್ನೂ ಚಿಕ್ಕ ಹುಡುಗನ ಥರಾನೇ ಇದೀಯಲ್ಲೋ” ಅನ್ನುವ ತಮಾಷೆ ಸಣ್ಣದಲ್ಲ. ಬೇಸತ್ತು ಮಾತ್ರೆಯನ್ನೇ ಬಿಟ್ಟರೆ ವೈರಸ್ ಮತ್ತೆ ಏರುತ್ತೆ. ಮಗುವಿಗೇನಾಗಿದೆ ಅಂತ ಕೆದಕುವುದೂ ಬೇಡ; ಒಪ್ಪಿಗೆಯಿಲ್ಲದೆ ಯಾರದೇ ಎಚ್‌ಐವಿ ವಿಷಯ ಬಯಲು ಮಾಡುವುದನ್ನು 2017ರ ಕಾಯ್ದೆ ತಡೆಯುತ್ತದೆ. ಹುಟ್ಟುಹಬ್ಬಕ್ಕೆ ಮಕ್ಕಳ ಧಾಮಕ್ಕೆ ಕೇಕ್ ಒಯ್ಯುವ ಗೆಳೆಯರೇ, ಈ ಸಲ ಒಂದು ತಿಂಗಳ ಮೊಟ್ಟೆಗೆ ದುಡ್ಡು ಕೊಟ್ಟುಬಿಡಿ.

ಮನೆಯವರು ಮಾಡಬೇಕಾದ್ದು ಇಷ್ಟೇ: ಮುಂದಿನ ಭೇಟಿಯಲ್ಲಿ ವೈರಲ್ ಲೋಡ್ ಜೊತೆಗೆ ಎತ್ತರವನ್ನೂ ಬರೆಸಿ, ಹಿಂದಿನ ಅಳತೆಗೆ ಹೋಲಿಸಿ ನೋಡಿ. ಏನೇ ಅನುಮಾನವಿದ್ದರೂ 1097ಕ್ಕೆ ಕರೆ ಉಚಿತ.