ಕಂಡ ಕ್ಷಣಕ್ಕೂ ತಡೆದ ಕ್ಷಣಕ್ಕೂ ನಡುವೆ

ಕಣ್ಣು ಕಂಡೊಡನೆಯೇ ಕಾಲು ಬ್ರೇಕನ್ನು ಒತ್ತುವುದೆಂದು ಮೋಟಾರು ನಡೆಯಿಸುವವರು ಸಾಮಾನ್ಯವಾಗಿ ನಂಬಿರುತ್ತಾರೆ. ಈ ನಂಬಿಕೆ ಸರಿಯಲ್ಲ. ಕಾಣುವುದಕ್ಕೂ ಮಾಡುವುದಕ್ಕೂ ನಡುವೆ ಅಲ್ಪಕಾಲವೊಂದು ಕಳೆದುಹೋಗುತ್ತದೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುತ್ತದೆ. ದಿನವೂ ಮನೆಯವರನ್ನು ಗಾಡಿಯಲ್ಲಿ ಕಳುಹಿಸಿ, ಸಂಜೆ ಅವರ ದಾರಿ ನೋಡುವ ನಮಗೆಲ್ಲ ಈ ವಿಷಯವು ತಿಳಿದಿರುವುದು ಒಳ್ಳೆಯದು.

ಈ ಭೇದವು ಮೊದಲು ವಿದ್ವಾಂಸರ ಗಮನಕ್ಕೆ ಬಂದುದು ರಸ್ತೆಯ ಮೇಲಲ್ಲ, ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ. ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರವು ದಾಟುವ ಸಮಯವನ್ನು, ಗಡಿಯಾರದ ಸದ್ದನ್ನೆಣಿಸುತ್ತ ಗುರುತಿಸುವುದು ಅಂದಿನ ಪದ್ಧತಿ. 1796ರಲ್ಲಿ ಅಲ್ಲಿನ ಮುಖ್ಯ ಜ್ಯೋತಿರ್ವಿದರಾದ ಮ್ಯಾಸ್ಕೆಲೀನರು ತಮ್ಮ ಸಹಾಯಕನಾದ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದರು. ಅವನ ಗುರುತು ತಮ್ಮದಕ್ಕಿಂತ 0.8 ಸೆಕೆಂಡು ತಡವಾಗಿರುತ್ತಿತ್ತೆಂಬುದೇ ಅವನ ಅಪರಾಧ. ಸುಮಾರು 25 ವರ್ಷಗಳ ಬಳಿಕ ಜರ್ಮನಿಯ ಬೆಸ್ಸೆಲರು ನುರಿತ ವೀಕ್ಷಕರನ್ನೇ ಪರಸ್ಪರ ಹೋಲಿಸಿ ನೋಡಲು, ಅವರಲ್ಲಿಯೂ ಇಂತಹ ಅಂತರ ಕಂಡುಬಂದಿತು. ಬಡ ಸಹಾಯಕನದು ಅಲಕ್ಷ್ಯವಲ್ಲ, ಮನುಷ್ಯಸ್ವಭಾವವೇ ಹಾಗೆಂದು ಲೋಕವು ತಡವಾಗಿ ಅರಿಯಿತು. 1850ರಲ್ಲಿ ಹೆಲ್ಮ್‌ಹೋಲ್ಟ್ಸರು ಕಪ್ಪೆಯ ನರದಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 27 ಮೀಟರು ಮಾತ್ರ ಸಾಗುವುದೆಂದು ಅಳೆದು ತೋರಿಸಿದರು.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮಕ್ಕಳ ಅಡಿಪಟ್ಟಿಯೊಂದನ್ನು ಒಬ್ಬರು ಮೇಲಿನಿಂದ ತೂಗಿ ಹಿಡಿದು, ಹೇಳದೆಯೇ ಬಿಡಲಿ. ಅದರ ಕೆಳತುದಿಯ ಬಳಿ ಬೆರಳು ತೆರೆದಿಟ್ಟುಕೊಂಡಿರುವವರು ಹಿಡಿಯಲಿ. ಪಟ್ಟಿಯು 20 ಸೆಂಟಿಮೀಟರು ಜಾರಿದ್ದರೆ ಕಳೆದ ಕಾಲ 0.2 ಸೆಕೆಂಡು. ಇದು ಕಾದುಕೊಂಡಿದ್ದ ಕೈಯ ಮಾತು. ರಸ್ತೆಯಲ್ಲಾದರೋ ಅಪಾಯವನ್ನು ಕಾಣಬೇಕು, ಇಂತಹುದೆಂದು ಗುರುತಿಸಬೇಕು, ನಿಶ್ಚಯಿಸಬೇಕು, ಬಳಿಕ ಕಾಲನ್ನೆತ್ತಿ ಬ್ರೇಕಿನ ಮೇಲಿಡಬೇಕು. ಮುನ್ನರಿವಿದ್ದವನಿಗೆ ಇದಕ್ಕೆಲ್ಲ ಸುಮಾರು 0.7 ಸೆಕೆಂಡು ಸಾಕಾದೀತು, ಅನಿರೀಕ್ಷಿತವಾದರೆ 1.5 ಸೆಕೆಂಡು ಹಿಡಿಯುವುದು ಅಪೂರ್ವವಲ್ಲ.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಗಾಡಿಯು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಚೆಂಡಿನ ಹಿಂದೆ ಓಡಿಬಂದ ಮಗುವೊಂದು 35 ಮೀಟರು ಮುಂದೆ ಕಾಣಿಸಿತೆನ್ನೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ನಿಲ್ಲಲು ಸುಮಾರು 20 ಮೀಟರು ಬೇಕು. 0.7 ಸೆಕೆಂಡಿನವನು ಅದಕ್ಕೆ ಮೊದಲು 12 ಮೀಟರು ಸಾಗಿರುತ್ತಾನೆ. ಮಗುವಿನೆದುರು ಮೂರು ಮೀಟರು ದೂರದಲ್ಲಿ ನಿಲ್ಲುತ್ತಾನೆ. 1.5 ಸೆಕೆಂಡಿನವನು 25 ಮೀಟರು ಸಾಗಿರುತ್ತಾನೆ. ಮಗುವನ್ನು ಮುಟ್ಟುವಾಗಲೂ ಅವನ ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರಿಗೂ ಹೆಚ್ಚು. ಇಬ್ಬರೂ ಬ್ರೇಕು ಒತ್ತಿದರು. ಇಬ್ಬರ ಗಾಡಿಯೂ ಒಂದೇ ಬಗೆಯದು.

ಈ ಇಬ್ಬರು ಒಬ್ಬನೇ ಮನುಷ್ಯನಾಗಿರಬಹುದೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಬೆಳಗ್ಗೆ ಎಚ್ಚರದಿಂದ ಹೊರಟವನು ರಾತ್ರಿ ದಣಿದು, ನಿದ್ರೆಗೆಟ್ಟು, ಮದ್ಯ ಸೇವಿಸಿ, ಇಲ್ಲವೆ ಮೊಬೈಲಿನಲ್ಲಿ ಮನಸ್ಸಿಟ್ಟು ಮರಳುವಾಗ ಬೇರೆಯವನೇ ಆಗಿರುತ್ತಾನೆ. ವಯಸ್ಸೂ ಸ್ವಲ್ಪ ತಡಮಾಡುವುದುಂಟು. ಆದರೆ ಹಿರಿಯರು ನಿಧಾನವಾಗಿ ನಡೆಯಿಸಿ ಆ ನಷ್ಟವನ್ನು ತುಂಬಿಕೊಳ್ಳಬಲ್ಲರು. ಕೈ ಚುರುಕೆಂಬ ಜಂಬದಿಂದ ಅತಿವೇಗಕ್ಕಿಳಿಯುವ ತರುಣನಿಗೆ ಆ ಲಾಭವೂ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಹೆದ್ದಾರಿಯ ನಕ್ಷೆ ಹಾಕುವ ಇಂಜಿನಿಯರರು ಚುರುಕಿನವರನ್ನು ನಂಬಿ ಲೆಕ್ಕ ಹಾಕುವುದಿಲ್ಲ. ಎದುರಿನ ರಸ್ತೆ ಎಷ್ಟು ದೂರ ಕಾಣಬೇಕೆಂಬುದಕ್ಕೆ ಅವರು 2.5 ಸೆಕೆಂಡನ್ನು ಹಿಡಿಯುತ್ತಾರೆ.

ಸ್ವಭಾವವನ್ನು ತಿದ್ದುವುದು ಕಷ್ಟ. ದೂರವನ್ನು ಬಿಡುವುದು ಸುಲಭ. ಮುಂದಿನ ಗಾಡಿಯು ಒಂದು ಮರವನ್ನೋ ಕಂಬವನ್ನೋ ದಾಟಿದೊಡನೆ “ಸಾವಿರದ ಒಂದು, ಸಾವಿರದ ಎರಡು” ಎಂದು ಸಾವಧಾನವಾಗಿ ಎಣಿಸಿರಿ. ಎಣಿಕೆ ಮುಗಿಯುವ ಮೊದಲೇ ನೀವು ಅಲ್ಲಿಗೆ ತಲುಪಿದರೆ ತೀರ ಹತ್ತಿರವಿದ್ದೀರೆಂದು ತಿಳಿಯಿರಿ. ಮಳೆಯಲ್ಲಿ ಈ ಅಂತರವು ಇಮ್ಮಡಿಯಾಗಲಿ. ಕಿನ್ನೆಬ್ರೂಕನು ಆ ಅರೆಗಳಿಗೆಗೆ ಕೆಲಸವನ್ನು ತೆತ್ತನು. ರಸ್ತೆಯಲ್ಲಿ ಅದನ್ನು ತೆರುವವರು ಬಹುಶಃ ತಪ್ಪೇ ಮಾಡದ ಇನ್ನೊಬ್ಬರಾಗಿರುತ್ತಾರೆ.