ಮಿದುಳಿನಲ್ಲಿ ನೆರೆಮನೆಯ ನೆರವು

ಹಿರಿಯರ ಕೈ ನಡುಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಅದು ಪಾರ್ಕಿನ್ಸನ್ ಕಾಯಿಲೆಯೂ ಆಗಿರಬಹುದು. ಆ ರೋಗಿಗಳ ಮಿದುಳಿನಲ್ಲಿ ನರಕೋಶಗಳು ಸಾಯುವ ಭಾಗದಲ್ಲೇ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಕುಸಿದಿರುವುದು ಕಂಡುಬಂದಿದೆ.

ದೇಹತೂಕದ ಶೇ. 2ರಷ್ಟಿರುವ ಮಿದುಳಿಗೆ ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20 ಬೇಕು. ಉರಿ ಹೆಚ್ಚಿದ್ದಲ್ಲಿ ಕಿಡಿಯೂ ಹೆಚ್ಚು. ಆಮ್ಲಜನಕದಿಂದ ಹುಟ್ಟುವ ಪುಂಡ ಕಣಗಳನ್ನು ತಣಿಸುವುದು ಈ ಗ್ಲುಟಾಥಯೋನ್. ನರಕೋಶಕ್ಕೆ ಅದರ ಕಚ್ಚಾವಸ್ತು ಸಿಗುವುದು ನೆರೆಯ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶದಿಂದ. ಅದು ತಾನು ತಯಾರಿಸಿದ ಗ್ಲುಟಾಥಯೋನನ್ನು ಹೊರಬಿಡುತ್ತದೆ. ಅದರ ತುಣುಕುಗಳಿಂದ ನರಕೋಶ ತನ್ನದನ್ನು ಕಟ್ಟಿಕೊಳ್ಳುತ್ತದೆ. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ ಈ ಬಗೆಯ ಕೋಶಗಳಿಗೆ ಇಟ್ಟ ಹೆಸರಿನ ಅರ್ಥ ‘ನರದ ಅಂಟು’. ಪಾಪ, ಬಹುಕಾಲ ಅವನ್ನು ಬರೀ ಅಂಟೆಂದೇ ಎಣಿಸಲಾಗಿತ್ತು!

ಮೆಡಿಕಲ್ ಅಂಗಡಿಯ ಗ್ಲುಟಾಥಯೋನ್ ಗುಳಿಗೆ ನುಂಗಿದರೆ ಸಾಲದೇ? ಅದರ ಬಹುಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ.